ಶಾಲೆಯ ಹಾಜರಿ: ಯಾರ ಹೊಣೆ, ಎಷ್ಟು ಹೊಣೆ



1

ದತ್ತಿ ಉಪನ್ಯಾಸಕ್ಕೆ ಕಾವ್ಯ, ಶಾಸನ, ಧರ್ಮ, ಇತಿಹಾಸಗಳಂತಹ ಗಂಭೀರ ವಿಷಯವನ್ನು ಆರಿಸಿಕೊಳ್ಳುವುದು ನಮ್ಮಲ್ಲಿ ನಡೆದುಬಂದ ಸಂಪ್ರದಾಯ. ಅಂತಹ ವಿಷಯಗಳಿಗೆ ಬಳ್ಳಾರಿಯ ಈ ಸೀಮೆಯಲ್ಲಿ ಅಭಾವವೂ ಇಲ್ಲ. ತೆಕ್ಕಲಕೋಟೆಯ ಬೆಟ್ಟಗಳಲ್ಲಿ ನವಶಿಲಾಯುಗದ ಜನರ ವಸತಿಯ ಕುರುಹುಗಳಿವೆ. ಕುರುಗೋಡಿನಲ್ಲಿ ಸಿಂದರ ಕಾಲದ ದೇವಾಲಯಗಳೂ ದೊಡ್ಡಬಸವೇಶ್ವರನ ಭವ್ಯಮೂರ್ತಿಯೂ ಇವೆ. ಬಳ್ಳಾರಿ ರಾಘವರು ಎರಡು ಭಾಷೆಗಳ ರಂಗಭೂಮಿಯನ್ನು ಬೆಳಗಿದ ನಗರವಿದು. ಆದರೂ ಈ ದಿನ ನಾನು ಪ್ರಸ್ತಾಪಿಸಬೇಕೆಂದಿರುವುದು ಶಾಲೆಯ ಹಾಜರಿ ಪುಸ್ತಕವನ್ನು. ಪ್ರತಿದಿನ ಬೆಳಿಗ್ಗೆ ಪ್ರಾರ್ಥನೆ ಮುಗಿದೊಡನೆ ತೆರೆಯಲ್ಪಟ್ಟು, ಹೆಸರು ಕೂಗಿ ಗುರುತು ಹಾಕುವಷ್ಟರಲ್ಲಿ ಮುಚ್ಚಲ್ಪಡುವ ಆ ಪುಸ್ತಕವನ್ನು ನಾವು ಕಚೇರಿಯ ದಫ್ತರವೆಂದು ತಿಳಿದಿದ್ದೇವೆ. ವಾಸ್ತವವಾಗಿ ಒಂದು ಊರಿನ ಬಡತನ, ರೋಗ, ಕೂಲಿ, ವಲಸೆ, ಹೆಣ್ಣುಮಕ್ಕಳ ಸ್ಥಿತಿ, ಹಿರಿಯರ ವಿವೇಕ ಇವೆಲ್ಲವೂ ಬೇರೆಲ್ಲಿಯೂ ದೊರೆಯದಷ್ಟು ನಿಷ್ಠುರವಾಗಿ ಬರೆಯಲ್ಪಟ್ಟಿರುವುದು ಆ ಪುಸ್ತಕದಲ್ಲಿಯೇ.

ಮಗು ಶಾಲೆಗೆ ಬಾರದಿದ್ದಾಗ ಅದಕ್ಕೆ ಉತ್ತರ ಹೇಳಬೇಕಾದವರು ಯಾರು ಎಂಬುದು ನನ್ನ ಪ್ರಶ್ನೆ. ಉತ್ತರ ಹೇಳಬೇಕಾದವರ ಸಾಲಿನಲ್ಲಿ ಮಗು ಕಟ್ಟಕಡೆಯದು, ದೊಡ್ಡವರು ಮೊದಲಿಗರು. ಮಗು ಬೆಳೆದಂತೆಲ್ಲ ಆ ಹೊಣೆ ಕ್ರಮಕ್ರಮವಾಗಿ ಅದರ ಕೈಗೆ ಬರತಕ್ಕದ್ದು. ಇದು ನನ್ನ ಸಿದ್ಧಾಂತ.

2

ಹಾಜರಿಯ ಪ್ರಶ್ನೆ ಬಳ್ಳಾರಿಗೆ ಹೊಸದಲ್ಲ. 1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದ ಈ ಪ್ರಾಂತಕ್ಕೆ ಪ್ರಥಮ ಪ್ರಧಾನ ಕಲೆಕ್ಟರನಾಗಿ ಬಂದ ತಾಮಸ್ ಮನ್ರೋ, ಮುಂದೆ ಮದರಾಸಿನ ಗವರ್ನರನಾಗಿದ್ದಾಗ, 1822ರಲ್ಲಿ, ಆ ಆಧಿಪತ್ಯದ ಜಿಲ್ಲೆಗಳಲ್ಲಿ ದೇಶೀಯ ಶಾಲೆಗಳ ಸ್ಥಿತಿ ಹೇಗಿದೆಯೆಂದು ವಿಚಾರಣೆ ನಡೆಸಲು ಆಜ್ಞೆ ಮಾಡಿದನು. ಅದಕ್ಕೆ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟಿನಲ್ಲಿ ಬರೆದು ಕಳುಹಿಸಿದ ಉತ್ತರವು ಭಾರತದ ವಿದ್ಯಾಭ್ಯಾಸದ ಚರಿತ್ರೆಯಲ್ಲಿ ಪ್ರಖ್ಯಾತವಾದುದು. ಅನಂತಪುರವನ್ನೂ ಒಳಗೊಂಡಿದ್ದ ಅಂದಿನ ವಿಶಾಲವಾದ ಜಿಲ್ಲೆಯಲ್ಲಿ, ಆತನ ಲೆಕ್ಕದಂತೆ, 9,27,857 ಜನರಿದ್ದರು, ಶಾಲೆಗಳು 533, ಓದುವವರು 6,641. ಆ ಶಾಲೆಗಳಲ್ಲಿ ಕನ್ನಡದವು 235, ತೆಲುಗಿನವು 226. ಉಳಿದವು ಮರಾಠಿ, ಪಾರಸಿ, ಸಂಸ್ಕೃತ, ತಮಿಳು ಮತ್ತು ಒಂದು ಇಂಗ್ಲಿಷ್ ಶಾಲೆ. ಸಾವಿರ ಜನರಲ್ಲಿ ಓದುತ್ತಿದ್ದವರು ಸುಮಾರು ಏಳು ಮಂದಿ ಮಾತ್ರ. ಇಡೀ ಜಿಲ್ಲೆಯಲ್ಲಿ ಶಾಲೆಗೆ ಹೋಗುತ್ತಿದ್ದ ಹೆಣ್ಣುಮಕ್ಕಳು ಅರವತ್ತೇ ಅರವತ್ತು.

ಅದೇ ವರದಿಯಲ್ಲಿ ಅಂದಿನ ಶಾಲೆಯ ಹಾಜರಿಯ ಕ್ರಮವೂ ವರ್ಣಿತವಾಗಿದೆ. ಶಾಲೆ ಪ್ರಾತಃಕಾಲ ಆರು ಗಂಟೆಗೆ ಆರಂಭವಾಗುತ್ತಿತ್ತು. ಮೊಟ್ಟಮೊದಲು ಬಂದ ಬಾಲಕನ ಅಂಗೈಮೇಲೆ ಸರಸ್ವತಿಯ ಹೆಸರನ್ನು ಗೌರವಾರ್ಥವಾಗಿ ಬರೆಯುತ್ತಿದ್ದರು. ಎರಡನೆಯವನ ಅಂಗೈಮೇಲೆ ಸೊನ್ನೆ, ಅಂದರೆ ಅವನು ಸ್ತುತಿಗೂ ನಿಂದೆಗೂ ಪಾತ್ರನಲ್ಲ. ಮೂರನೆಯವನಿಗೆ ಮೆಲ್ಲನೆ ಒಂದು ಛಡಿಯೇಟು, ನಾಲ್ಕನೆಯವನಿಗೆ ಎರಡು. ಹೀಗೆ ಹಿಂದೆ ಬಂದವನಿಗೆಲ್ಲ ಒಂದೊಂದು ಹೆಚ್ಚು. ಇದನ್ನು ಓದುವಾಗ ಸರಸ್ವತಿಯ ಹೆಸರಿಗೆ ನಮ್ಮ ಮನಸ್ಸು ಮುದಗೊಳ್ಳುವುದು ಸಹಜ. ಆದರೆ ಅದರ ತತ್ತ್ವವನ್ನು ವಿಚಾರಿಸಿ ನೋಡಿದರೆ, ತಡವಾದುದಕ್ಕೆ ಕಾರಣವೇನೆಂದು ಕೇಳದೆ, ಮನೆಯಲ್ಲಿ ನಡೆದುದನ್ನೆಲ್ಲ ಮಗುವಿನ ಅಂಗೈಯಿಂದಲೇ ವಸೂಲು ಮಾಡುವ ಕ್ರಮವದು ಎಂಬುದು ತಿಳಿಯುತ್ತದೆ.

ವಿಚಾರಣೀಯವಾದ ಸಂಗತಿಯೆಂದರೆ, ಮಕ್ಕಳು ಬಾರದಿರುವುದಕ್ಕೆ ನಿಜವಾದ ಕಾರಣವನ್ನು ಅದೇ ಕ್ಯಾಂಬೆಲ್ ಅದೇ ವರದಿಯಲ್ಲಿ ಬಲ್ಲವನಾಗಿ ಬರೆದಿದ್ದಾನೆ. ಹಿಂದೆ ಶಾಲೆಗಳಿದ್ದ ಎಷ್ಟೋ ಗ್ರಾಮಗಳಲ್ಲಿ ಈಗ ಶಾಲೆಗಳಿಲ್ಲ, ವಿಲಾಯತಿಯ ಬಟ್ಟೆ ಬಂದು ನೇಯುವವರ ಜೀವನೋಪಾಯ ಕುಗ್ಗಿದೆ, ದೇಶ ಬಡವಾಗಿದೆ, ಮಕ್ಕಳ ಎಳೆಯ ಅಂಗಾಂಗಗಳು ಅತ್ಯಲ್ಪ ಶ್ರಮಕ್ಕೆ ಸಮರ್ಥವಾದೊಡನೆ ಅವರ ದುಡಿಮೆಯ ನೆರವು ತಂದೆತಾಯಿಗಳಿಗೆ ಅನಿವಾರ್ಯವಾಗುತ್ತದೆ, ಇದು ಅವನ ಮಾತಿನ ತಾತ್ಪರ್ಯ. ಹೀಗೆ ಒಂದೇ ವರದಿಯ ಒಂದು ಪುಟದಲ್ಲಿ ವ್ಯಾಧಿಯ ಮೂಲವೂ ಇನ್ನೊಂದು ಪುಟದಲ್ಲಿ ಅದಕ್ಕೆ ಸಂಬಂಧವಿಲ್ಲದ ಶಿಕ್ಷೆಯೂ ಇವೆ. ಈ ಎರಡು ಪುಟಗಳ ನಡುವಣ ಅಂತರವನ್ನು ಮುಚ್ಚುವ ಪ್ರಯತ್ನವೇ ಅಲ್ಲಿಂದೀಚಿನ ಎರಡು ಶತಮಾನಗಳ ಹಾಜರಿ ನಿಯಮಗಳ ಇತಿಹಾಸ.

3

ಕಡ್ಡಾಯ ಶಿಕ್ಷಣದ ಭಾವನೆ ಬೆಳೆದುಬಂದ ಮಾರ್ಗವನ್ನು ಸಂಕ್ಷೇಪವಾಗಿ ನೆನೆಯೋಣ. ಇಂಗ್ಲೆಂಡಿನಲ್ಲಿ 1880ರ ಶಾಸನವು ಹತ್ತು ವರ್ಷದೊಳಗಿನ ಮಕ್ಕಳ ಹಾಜರಿಯನ್ನು ಕಡ್ಡಾಯಗೊಳಿಸಿತು. ನಮ್ಮಲ್ಲಿ ಜ್ಯೋತಿರಾವ್ ಫುಲೆಯವರು 1882ರಲ್ಲಿ ಹಂಟರ್ ಆಯೋಗದ ಮುಂದೆ ಬಹುಜನರ ಮಕ್ಕಳ ಪ್ರಾಥಮಿಕ ಶಿಕ್ಷಣದ ಪರವಾಗಿ ವಾದಿಸಿದರು. ಬರೋಡೆಯ ಸಯಾಜಿರಾವ್ ಮಹಾರಾಜರು 1906ರಲ್ಲಿ ತಮ್ಮ ಸಂಸ್ಥಾನದಾದ್ಯಂತ ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು ಜಾರಿಗೆ ತಂದರು. ಗೋಪಾಲಕೃಷ್ಣ ಗೋಖಲೆಯವರು 1911ರಲ್ಲಿ ಕೇಂದ್ರ ಶಾಸನಸಭೆಯ ಮುಂದಿಟ್ಟ ಮಸೂದೆ ಮರುವರ್ಷ ಸೋತಿತು. ಮೈಸೂರಿನಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಪ್ರಾಥಮಿಕ ಶಿಕ್ಷಣದ ರೆಗ್ಯುಲೇಷನ್ ಬಂದಿತು. ಬಳ್ಳಾರಿಯು ಆಗ ಮದರಾಸಿಗೆ ಸೇರಿದ್ದುದರಿಂದ ಇಲ್ಲಿಗೆ ಅನ್ವಯಿಸಿದುದು 1920ರ ಮದರಾಸು ಶಾಸನ. 1953ರ ಅಕ್ಟೋಬರ್ 1ರಂದು ಬಳ್ಳಾರಿ, ಸಿರುಗುಪ್ಪ ಮೊದಲಾದ ತಾಲ್ಲೂಕುಗಳು ಮೈಸೂರು ರಾಜ್ಯವನ್ನು ಸೇರಿದವು. 1961ರಲ್ಲಿ ಮೈಸೂರು ರಾಜ್ಯದ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಶಾಸನ ಬಂದಿತು. ಅನಂತರ 1983ರ ಕರ್ನಾಟಕ ಶಿಕ್ಷಣ ಅಧಿನಿಯಮವು 1995ರಲ್ಲಿ ಜಾರಿಗೆ ಬಂದಿತು. ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಹತ್ತು ವರ್ಷಗಳೊಳಗೆ ಉಚಿತ ಹಾಗೂ ಕಡ್ಡಾಯ ಶಿಕ್ಷಣ ಕೊಡಲು ಯತ್ನಿಸಬೇಕೆಂದು ಸಂವಿಧಾನದ 45ನೆಯ ಅನುಚ್ಛೇದವು ಹೇಳಿತ್ತಷ್ಟೆ. ಆ ಹತ್ತು ವರ್ಷ ತುಂಬಿ ನಾಲ್ಕು ದಶಕಗಳು ಕಳೆದ ಮೇಲೆ, 2002ರ 86ನೆಯ ತಿದ್ದುಪಡಿಯಿಂದ, ಶಿಕ್ಷಣವು ಮಗುವಿನ ಮೂಲಭೂತ ಹಕ್ಕಾಯಿತು. 2009ರ ಶಿಕ್ಷಣ ಹಕ್ಕು ಕಾಯಿದೆಯು 2010ರ ಏಪ್ರಿಲ್ 1ರಿಂದ ಆಚರಣೆಗೆ ಬಂದಿತು.

ಈ ಕಾಯಿದೆ ಹೊಣೆಯನ್ನು ಹಂಚಿರುವ ಕ್ರಮವನ್ನು ಪ್ರತಿಯೊಬ್ಬ ತಂದೆತಾಯಿಯೂ ತಿಳಿದಿರಬೇಕು. ಆರರಿಂದ ಹದಿನಾಲ್ಕು ವರ್ಷದ ಪ್ರತಿಯೊಂದು ಮಗುವಿನ ದಾಖಲಾತಿ, ಹಾಜರಿ, ಶಿಕ್ಷಣದ ಪೂರೈಕೆ ಈ ಮೂರನ್ನೂ ಖಚಿತಪಡಿಸುವುದು ಸರ್ಕಾರದ ಮತ್ತು ಸ್ಥಳೀಯ ಪ್ರಾಧಿಕಾರದ ಕರ್ತವ್ಯವೆಂದು 8 ಮತ್ತು 9ನೆಯ ಕಲಂಗಳು ಹೇಳುತ್ತವೆ. ಮಗುವನ್ನು ಸಮೀಪದ ಶಾಲೆಗೆ ಸೇರಿಸುವುದು ತಂದೆತಾಯಿಗಳ ಕರ್ತವ್ಯವೆಂದು 10ನೆಯ ಕಲಂ ವಿಧಿಸುತ್ತದೆ; ಸಂವಿಧಾನದ ಮೂಲಭೂತ ಕರ್ತವ್ಯಗಳಲ್ಲಿಯೂ ಅದು ಸೇರಿದೆ. ಶಿಕ್ಷಕರು ತಾವು ಕ್ರಮವಾಗಿ, ಕಾಲಕ್ಕೆ ಸರಿಯಾಗಿ ಬರತಕ್ಕದ್ದು, ಪೋಷಕರ ಸಭೆ ಕರೆದು ಮಗುವಿನ ಹಾಜರಿಯನ್ನೂ ಕಲಿಕೆಯನ್ನೂ ತಿಳಿಸತಕ್ಕದ್ದು ಎಂದು 24ನೆಯ ಕಲಂ ಸಾರುತ್ತದೆ. ಮಗುವನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ 17ನೆಯ ಕಲಂ ನಿಷೇಧಿಸುತ್ತದೆ. ಇಷ್ಟೆಲ್ಲ ಹೊಣೆಗಳ ಪಟ್ಟಿಯಲ್ಲಿ ಗೈರುಹಾಜರಾದುದಕ್ಕಾಗಿ ಮಗುವಿಗೆ ವಿಧಿಸಿದ ದಂಡನೆ ಒಂದೂ ಇಲ್ಲ. 1823ರ ಶಾಲೆಯಲ್ಲಿ ಅಂಗೈಮೇಲೆ ಬೀಳುತ್ತಿದ್ದ ಭಾರವನ್ನು ಇಂದಿನ ಶಾಸನವು ಎತ್ತಿ ದೊಡ್ಡವರ ಹೆಗಲ ಮೇಲೆ ಇಟ್ಟಿದೆ.

2013ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಶಾಲೆಯಿಂದ ಹೊರಗುಳಿದ ಮಕ್ಕಳನ್ನು ಕುರಿತ ಪತ್ರಿಕಾ ವರದಿಯನ್ನು ಕಂಡು ತಾನಾಗಿಯೇ ವಿಚಾರಣೆ ಕೈಗೊಂಡಿತು. ಕಾರಣ ತಿಳಿಸದೆ ಸತತ ಏಳು ದಿನ ಬಾರದ ಮಗುವನ್ನು ಶಾಲೆಯಿಂದ ಹೊರಗುಳಿದ ಮಗುವೆಂದು ಭಾವಿಸಿ ಹುಡುಕಿ ತರಬೇಕೆಂಬ ಕ್ರಮ ನಮ್ಮ ರಾಜ್ಯದಲ್ಲಿ ನೆಲೆಗೊಂಡುದು ಆ ವಿಚಾರಣೆಯ ಕಾಲದಿಂದೀಚೆಗೆ. ಈ ಏಳು ದಿನಗಳೇ ಹಾಜರಿ ನಿಯಮದ ಜೀವಾಳ. ಮೊದಲ ದಿನ ಸಹಪಾಠಿಯನ್ನು ಕೇಳಿ, ಮೂರನೆಯ ದಿನ ಫೋನಿನಲ್ಲಿ ವಿಚಾರಿಸಿ, ಐದನೆಯ ದಿನ ಮನೆಯ ಬಾಗಿಲಿಗೆ ಹೋಗುವ ಶಾಲೆಯಲ್ಲಿ ಎಂಟನೆಯ ದಿನದ ಕ್ರಮಕ್ಕೆ ಅವಕಾಶವೇ ಅಪರೂಪ. ಏಳು ದಿನವೂ ಸುಮ್ಮನಿದ್ದು ಎಂಟನೆಯ ದಿನ ನಮೂನೆ ತುಂಬುವ ಶಾಲೆಯು ನಿಯಮವನ್ನು ಪಾಲಿಸಿದಂತೆ ಕಂಡರೂ ಮಗುವನ್ನು ಕಳೆದುಕೊಂಡಿರುತ್ತದೆ.

4

ಶಾಲೆಯನ್ನು ಸಂಪೂರ್ಣ ಬಿಟ್ಟ ಮಗು ಹೇಗೂ ಕಣ್ಣಿಗೆ ಬೀಳುತ್ತದೆ; ಹೆಸರು ಪುಸ್ತಕದಲ್ಲಿದ್ದು, ಆಗಾಗ್ಗೆ ತಪ್ಪಿಸಿಕೊಳ್ಳುವ ಮಗು ಯಾರ ಕಣ್ಣಿಗೂ ಬೀಳುವುದಿಲ್ಲ. ನಷ್ಟ ಹೆಚ್ಚಾಗಿರುವುದು ಅಲ್ಲಿ. ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಂತೆ ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ 200 ದಿನ, ಆರರಿಂದ ಎಂಟರವರೆಗೆ 220 ದಿನ ಶಾಲೆ ನಡೆಯಬೇಕು. ಎಂಟು ವರ್ಷಗಳಿಗೆ ಒಟ್ಟು 1,660 ದಿನ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂರಲು ಶೇಕಡಾ 75 ಹಾಜರಿ ಬೇಕೆಂಬ ನಿಯಮವನ್ನು ಕೇಳಿ, ನಾಲ್ಕರಲ್ಲಿ ಮೂರು ಭಾಗ ಬಂದರೆ ಸಾಕೆಂಬ ಭಾವನೆ ಎಷ್ಟೋ ಮನೆಗಳಲ್ಲಿ ಬೇರೂರಿದೆ. ಮೊದಲ ತರಗತಿಯಿಂದಲೇ ಅದನ್ನು ಅಳತೆಗೋಲಾಗಿ ಹಿಡಿದ ಮಗು ಎಂಟನೆಯ ತರಗತಿ ಮುಗಿಸುವ ಹೊತ್ತಿಗೆ 415 ದಿನಗಳನ್ನು, ಎಂದರೆ ಎರಡು ಸಂಪೂರ್ಣ ಶಾಲಾವರ್ಷಗಳನ್ನು, ಕಳೆದುಕೊಂಡಿರುತ್ತದೆ. ಎಂಟನೆಯ ತರಗತಿಯ ಬಾಲಕನು ಆರನೆಯ ತರಗತಿಯ ಗಣಿತಕ್ಕೆ ತಡವರಿಸಿದರೆ ನಾವು ಅವನ ಬುದ್ಧಿಯನ್ನು ಶಂಕಿಸುತ್ತೇವೆ. ಶಂಕಿಸಬೇಕಾದುದು ಅವನ ಹಾಜರಿಯ ಹಳೆಯ ಪುಟಗಳನ್ನು.

ವಾರಕ್ಕೆ ಒಂದೇ ದಿನ, ಸಂತೆಯ ದಿನ, ತಪ್ಪಿಸುವ ಮಗುವಿನ ಲೆಕ್ಕವನ್ನೂ ನೋಡಿ. ಆರು ದಿನಗಳ ವಾರದಲ್ಲಿ ಒಂದು ದಿನ ಹೋದರೆ, ಆರು ವರ್ಷ ಓದಿದ ಮಗು ಒಂದು ವರ್ಷವನ್ನು ಶಾಲೆಯ ಹೊರಗೆ ಕಳೆದಂತಾಯಿತು. ಸಿರುಗುಪ್ಪದ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ: ಭತ್ತದ ಗದ್ದೆಗೆ ಕಾಲುವೆಯ ಸರದಿ ನೀರು ತಪ್ಪಿದರೆ ಮುಂದಿನ ಸರದಿಯಲ್ಲಿ ಎರಡರಷ್ಟು ಹರಿಸಿಯೂ ಒಣಗಿದ ತೆನೆಯನ್ನು ತುಂಬಿಸಲಾಗದೆಂಬುದನ್ನು ಅವರು ಬಲ್ಲರು.

5

ಈಗ ನಮ್ಮ ಸೀಮೆಯ ವಿಶೇಷಕ್ಕೆ ಬರೋಣ. ತುಂಗಭದ್ರಾ ಅಣೆಕಟ್ಟಿನ ಕಾಲುವೆಗಳು ಹರಿದ ಮೇಲೆ ಸಿರುಗುಪ್ಪವು ಭತ್ತದ ಕಣಜವಾಯಿತು. ಕುರುಗೋಡಿನ ಕಪ್ಪುನೆಲದಲ್ಲಿ ಹತ್ತಿ ಮೆಣಸಿನಕಾಯಿಗಳು ಸಮೃದ್ಧವಾಗಿ ಬೆಳೆಯುತ್ತವೆ. ಬಳ್ಳಾರಿ ನಗರದಲ್ಲಿ ಜೀನ್ಸ್ ಹೊಲಿಗೆಯು ಸಾವಿರಾರು ಮನೆಗಳಿಗೆ ಅನ್ನ ಕೊಟ್ಟಿದೆ. ಈ ಸಂಪತ್ತಿಗೂ ಹಾಜರಿ ಪುಸ್ತಕಕ್ಕೂ ನಿಕಟವಾದ ಸಂಬಂಧವಿದೆ. ಜೂನಿನಲ್ಲಿ ಶಾಲೆ ಆರಂಭವಾಗುವುದು, ಮಳೆಗಾಲದಲ್ಲಿ ನಾಟಿ ಆರಂಭವಾಗುವುದು. ಅರ್ಧವಾರ್ಷಿಕ ಪರೀಕ್ಷೆ ಮುಗಿಯುವುದು, ಹತ್ತಿ ಬಿಡಿಸುವ ಕೆಲಸ ತೊಡಗುವುದು. ವಾರ್ಷಿಕ ಪರೀಕ್ಷೆಯ ಸಿದ್ಧತೆ ನಡೆಯಬೇಕಾದ ದಿನಗಳಲ್ಲಿಯೇ ಮೆಣಸಿನಕಾಯಿ ಕೊಯ್ಲಿಗೆ ಕೂಲಿಯ ಬೇಡಿಕೆ ಏರುವುದು. ನೀರಾವರಿಯಿಲ್ಲದ ಊರುಗಳ ಕುಟುಂಬಗಳು ಮಕ್ಕಳೊಡನೆ ಗುಳೆ ಹೊರಡುವುದೂ ಪ್ರಾಯಶಃ ಇದೇ ಕಾಲದಲ್ಲಿ. ಮಗು ಸ್ವತಃ ಹೊಲಕ್ಕೆ ಇಳಿಯದಿದ್ದರೂ, ತಾಯಿ ಕೂಲಿಗೆ ಹೋದಾಗ ತೊಟ್ಟಿಲ ಕೂಸನ್ನು ನೋಡಿಕೊಳ್ಳಲು ನಿಲ್ಲುವವಳು ಮನೆಯ ಹಿರಿಯ ಮಗಳು. ಅವಳ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಬೀಳುತ್ತದೆ. ಅವಳು ಮಾಡಿದ ಕೆಲಸ ಯಾವ ಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ.

2011ರ ಜನಗಣತಿಯಲ್ಲಿ ಅವಿಭಜಿತ ಬಳ್ಳಾರಿ ಜಿಲ್ಲೆಯ ಸಾಕ್ಷರತೆ ಶೇಕಡಾ 67.43 ಇದ್ದಿತು, ರಾಜ್ಯದ ಸರಾಸರಿ 75.36. ಜಿಲ್ಲೆಯ ಹೆಂಗಸರಲ್ಲಿ ಓದಬಲ್ಲವರು ಶೇಕಡಾ 58ರಷ್ಟು. ಹೀಗಿರುವಲ್ಲಿ ಮುದ್ರಿತ ನಿಯಮಾವಳಿಯನ್ನು ಮಗುವಿನ ಕೈಯಲ್ಲಿ ಕಳುಹಿಸಿ, ಪೋಷಕರ ಸಹಿಗಾಗಿ ಕಾಯುವುದರಿಂದ ಹೊಣೆ ಹಂಚಿದಂತಾಗದು. ಓದಲಾರದ ತಾಯಿಗೆ ನಿಯಮವನ್ನು ಬಾಯಿಮಾತಿನಲ್ಲಿ, ಅವಳ ಮನೆಮಾತು ತೆಲುಗಾದರೆ ತೆಲುಗಿನಲ್ಲಿ, ಉರ್ದುವಾದರೆ ಉರ್ದುವಿನಲ್ಲಿ, ತಿಳಿಯಹೇಳಬೇಕು. ಎರಡು ಮೂರು ಭಾಷೆಗಳು ಒಂದೇ ಓಣಿಯಲ್ಲಿ ಬಾಳುವ ಬಳ್ಳಾರಿಯಲ್ಲಿ ಇದು ಅಸಾಧ್ಯವಾದ ಮಾತಲ್ಲ.

ಸರ್ಕಾರವು ಏನೂ ಮಾಡಿಲ್ಲವೆಂದು ಹೇಳುವುದು ಅನ್ಯಾಯವಾಗುತ್ತದೆ. ಅಕ್ಷರ ದಾಸೋಹದ ಬಿಸಿಯೂಟವು 2002ರ ಜೂನಿನಲ್ಲಿ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. 2006ರಲ್ಲಿ ಆರಂಭವಾದ ಬೈಸಿಕಲ್ ವಿತರಣೆಯ ಯೋಜನೆಯು ಎಷ್ಟೋ ಹೆಣ್ಣುಮಕ್ಕಳನ್ನು ಪಕ್ಕದೂರಿನ ಪ್ರೌಢಶಾಲೆಗೆ ಮುಟ್ಟಿಸಿತು. ಚಿಣ್ಣರ ಅಂಗಳ, ಋತುಮಾನ ಶಾಲೆ, ಕಸ್ತೂರ್ಬಾ ಗಾಂಧಿ ಬಾಲಿಕಾ ವಿದ್ಯಾಲಯಗಳು ಶಾಲೆಯನ್ನು ನಡುವೆ ಬಿಟ್ಟ ಮಕ್ಕಳಿಗೆ ಮರಳುವ ಹಾದಿ ತೆರೆದಿವೆ. ಶಿಕ್ಷಣ ಹಕ್ಕು ಕಾಯಿದೆಯಲ್ಲಿ ಇನ್ನೆರಡು ಉಪಯುಕ್ತ ಅಂಶಗಳಿದ್ದು ಅವುಗಳ ಪ್ರಯೋಜನವನ್ನು ನಾವು ಸಾಕಷ್ಟು ಪಡೆದಿಲ್ಲ. ಮೊದಲನೆಯದು, ಬೇರೆ ಶಾಲೆಗೆ ಹೋಗಬೇಕಾದ ಮಗುವಿಗೆ ವರ್ಗಾವಣೆ ಪತ್ರವನ್ನು ಮುಖ್ಯೋಪಾಧ್ಯಾಯರು ಕೂಡಲೇ ಕೊಡತಕ್ಕದ್ದು, ಅದು ತಡವಾಯಿತೆಂದು ಹೊಸ ಶಾಲೆಯವರು ಪ್ರವೇಶ ನಿರಾಕರಿಸತಕ್ಕದ್ದಲ್ಲ; ಗುಳೆ ಹೋಗುವ ಕುಟುಂಬಕ್ಕೆ ಇದಕ್ಕಿಂತ ದೊಡ್ಡ ಆಶ್ರಯವಿಲ್ಲ. ಎರಡನೆಯದು, ಶಾಲಾವರ್ಷದ ವೇಳಾಪಟ್ಟಿಯನ್ನು ನಿರ್ಧರಿಸುವ ಕರ್ತವ್ಯವನ್ನು 9ನೆಯ ಕಲಂ ಸ್ಥಳೀಯ ಪ್ರಾಧಿಕಾರಕ್ಕೆ ಒಪ್ಪಿಸಿದೆ.

ಹಾಗಾದರೆ ಮೆಣಸಿನಕಾಯಿ ಕೊಯ್ಲಿಗೆ ಶಾಲೆಗೇ ರಜೆ ಕೊಟ್ಟುಬಿಡಬಾರದೇಕೆ ಎಂದು ಕೆಲವರು ಸದುದ್ದೇಶದಿಂದಲೇ ಕೇಳುತ್ತಾರೆ. ನಾನು ಅದನ್ನು ಒಪ್ಪಲಾರೆ. ಕೊಯ್ಲಿಗಾಗಿ ರಜೆ ಕೊಟ್ಟ ಶಾಲೆಯು ಮಗುವಿನ ಕೂಲಿಗೆ ಸಮ್ಮತಿಯ ಮುದ್ರೆಯೊತ್ತಿದಂತಾಗುತ್ತದೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ನಿಷೇಧ ಕಾಯಿದೆಯು ಹದಿನಾಲ್ಕರೊಳಗಿನ ಮಗುವಿನ ದುಡಿಮೆಯನ್ನು ನಿಷೇಧಿಸಿ, ಸ್ವಂತ ಕುಟುಂಬದ ಅಪಾಯಕರವಲ್ಲದ ಕೆಲಸಕ್ಕೆ ನೆರವಾಗುವುದನ್ನು, ಅದೂ ಶಾಲೆಯ ವೇಳೆ ಮುಗಿದ ಮೇಲೆ ಅಥವಾ ರಜಾದಿನಗಳಲ್ಲಿ, ಅನುಮತಿಸಿದೆ. ವೇಳಾಪಟ್ಟಿಯ ಅಧಿಕಾರವನ್ನು ಉಪಯೋಗಿಸಬೇಕಾದುದು ಬೇರೆ ರೀತಿಯಲ್ಲಿ: ಗುಳೆಯ ಕಾಲಕ್ಕೆ ಮುಂಚೆಯೇ, ದಸರೆಯ ರಜೆ ಮುಗಿದೊಡನೆ, ಪೋಷಕರ ಸಭೆಯನ್ನು ಗೊತ್ತುಪಡಿಸಿ, ಯಾವ ಮನೆಯವರು ಎಲ್ಲಿಗೆ ಹೊರಡುತ್ತಾರೆ, ಮಗು ಅಜ್ಜಿಯ ಬಳಿ ನಿಲ್ಲುವುದೇ, ಋತುಮಾನ ವಸತಿಗೆ ಸೇರುವುದೇ, ಹೋದ ಊರಿನ ಶಾಲೆಗೆ ಸೇರುವುದೇ ಎಂಬುದನ್ನು ಒಬ್ಬೊಬ್ಬರ ಹೆಸರು ಹಿಡಿದು ತೀರ್ಮಾನಿಸಬೇಕು. ಆ ಸಭೆಯ ಹೊಣೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯದು, ಎಂದರೆ ಎಸ್‌ಡಿಎಂಸಿಯದು. ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಭಾಗ ಪೋಷಕರೂ, ಅರ್ಧದಷ್ಟು ಮಹಿಳೆಯರೂ ಇರಬೇಕೆಂದು ಶಿಕ್ಷಣ ಹಕ್ಕು ಕಾಯಿದೆ ವಿಧಿಸಿರುವುದು ಸುಣ್ಣಬಣ್ಣದ ಬಿಲ್ಲಿಗೆ ಸಹಿ ಹಾಕುವುದಕ್ಕಾಗಿ ಮಾತ್ರವಲ್ಲ.

6

ಇನ್ನು ಪೋಷಕರಲ್ಲಿ ನನ್ನ ವಿನಂತಿ. ಅಮ್ಮಂದಿರೇ, ಅಪ್ಪಂದಿರೇ, ನಿಮ್ಮ ಬಡತನವನ್ನು ಅರಿಯದೆ ನಾನು ಮಾತನಾಡುತ್ತಿಲ್ಲ. ಜ್ವರ ಬಂದ ಮಗುವನ್ನು ಶಾಲೆಗೆ ಕಳುಹಿಸಬೇಡಿ. ಊರ ಜಾತ್ರೆಗೆ, ಸ್ವಂತ ಅಕ್ಕನ ಮದುವೆಗೆ ಒಂದು ದಿನ ನಿಂತರೆ ಯಾವ ಶಾಲೆಯೂ ಮುನಿಯಲಾರದು. ಆದರೆ ಬಾರದ ಸಂಗತಿಯನ್ನು ಅಂದೇ ಮಾಸ್ತರಿಗೆ ತಿಳಿಸಿರಿ. ಬರೆಯಲು ಬಾರದಿದ್ದರೆ ನೆರೆಮನೆಯ ಹುಡುಗನ ಬಾಯಲ್ಲಿ ಹೇಳಿ ಕಳುಹಿಸಿರಿ. ಸುಳ್ಳು ಕಾರಣವನ್ನು ಮಗುವಿನ ಬಾಯಿಂದ ಹೇಳಿಸಬೇಡಿ. ಹೊಲಕ್ಕೆ ಕಳುಹಿಸಿ ಹೊಟ್ಟೆನೋವೆಂದು ಹೇಳಿಸಿದ ದಿನ ಮಗು ಪಾಠದ ಜೊತೆಗೆ ಸತ್ಯವನ್ನೂ ಕಳೆದುಕೊಳ್ಳುತ್ತದೆ. ಕೂಸನ್ನು ಅಂಗನವಾಡಿಗೆ ಬಿಟ್ಟು ಹಿರಿಯ ಮಗಳನ್ನು ಶಾಲೆಗೆ ಕಳುಹಿಸಿರಿ. ಮಗನ ಹಾಜರಿಗೆ ತೋರುವ ಆತಂಕವನ್ನು ಮಗಳ ಹಾಜರಿಗೂ ತೋರಿರಿ. ತಿಂಗಳಿಗೊಮ್ಮೆ ಶಾಲೆಗೆ ಹೋಗಿ ನಿಮ್ಮ ಮಗು ಎಷ್ಟು ದಿನ ಬಂದಿದೆಯೆಂದು ಕೇಳಿರಿ, ಮಾಸ್ತರು ಎಷ್ಟು ದಿನ ಬಂದಿದ್ದಾರೆಂಬುದನ್ನೂ ಕೇಳಿರಿ. ಎರಡೂ ನಿಮಗೆ ಸಲ್ಲುವ ಉತ್ತರಗಳು.

ಅಧ್ಯಾಪಕರಲ್ಲಿ ಒಂದು ಮಾತು. ಹತ್ತು ದಿನ ಬಿಟ್ಟು ಬಂದ ಮಗುವನ್ನು ತರಗತಿಯ ಎದುರಿಗೆ ನಿಲ್ಲಿಸಿ ನಾಚಿಸಿದರೆ, ಹನ್ನೊಂದನೆಯ ದಿನ ಅದು ಬಾರದಿರಲು ಹೊಸದೊಂದು ಕಾರಣವನ್ನು ನಾವೇ ಒದಗಿಸಿದಂತಾಗುತ್ತದೆ. ಬಂದ ಮಗುವಿಗೆ ತಪ್ಪಿದ ಪಾಠವನ್ನು ಹೇಳಿಕೊಡುವುದೇ ಹಾಜರಿಯ ಅತ್ಯುತ್ತಮ ನಿಯಮ. ಬಾರದ ಮಗುವಿನ ಹೆಸರಿಗೆ ಹಾಜರಿ ಹಾಕುವ ದಾಕ್ಷಿಣ್ಯವೂ ಸಲ್ಲದು. ಆ ಸುಳ್ಳು ಗುರುತು ಮಗುವನ್ನು ಹುಡುಕಿಕೊಂಡು ಹೋಗಬೇಕಾದವರ ದಾರಿಯನ್ನು ಮುಚ್ಚಿಬಿಡುತ್ತದೆ.

ಕೊನೆಯದಾಗಿ ವಿದ್ಯಾರ್ಥಿಗಳು. ಶಿಕ್ಷಣ ಹಕ್ಕು ಕಾಯಿದೆಯ ಕಡ್ಡಾಯವು ಹದಿನಾಲ್ಕನೆಯ ವಯಸ್ಸಿಗೆ ಮುಗಿಯುತ್ತದೆ. ಸರಿಯಾಗಿ ಅದೇ ವಯಸ್ಸಿನಲ್ಲಿ ಹೊಲಿಗೆಯ ಯಂತ್ರ, ಗ್ಯಾರೇಜು, ಹೋಟೆಲು, ಹೊಲ ಇವು ದಿನಗೂಲಿಯ ಆಸೆ ತೋರಿ ಕರೆಯುತ್ತವೆ. ಎಂಟನೆಯ ತರಗತಿ ದಾಟಿದ ಹುಡುಗನನ್ನು ಶಾಲೆಯಲ್ಲಿ ನಿಲ್ಲಿಸುವುದು ಇನ್ನು ಮೇಲೆ ಸರ್ಕಾರದ ಆಜ್ಞೆಯಲ್ಲ, ಅವನ ಸ್ವಂತ ಸಂಕಲ್ಪ. ಶೇಕಡಾ 75ರ ನಿಯಮವನ್ನು ಈ ಅರ್ಥದಲ್ಲಿ ತಿಳಿಯಬೇಕು: ಅದು ಕೆಳಗಿನ ಮೇರೆ, ಅದಕ್ಕಿಂತ ಕೆಳಗೆ ಹೋದವನಿಗೆ ಪರೀಕ್ಷೆಯ ಬಾಗಿಲು ಮುಚ್ಚುತ್ತದೆ, ಅದನ್ನು ಮುಟ್ಟಿದ ಮಾತ್ರಕ್ಕೆ ವಿದ್ಯೆ ಬರುವುದಿಲ್ಲ. ಮಕ್ಕಳೇ, ಕಾಲಕ್ಕೆ ಸರಿಯಾಗಿ ಬನ್ನಿರಿ. ಬಾರದ ದಿನದ ನಿಜವಾದ ಕಾರಣವನ್ನು ಅಂಜದೆ ಹೇಳಿರಿ. ತಪ್ಪಿದ ಪಾಠವನ್ನು ಗೆಳೆಯರಿಂದ ಬರೆದುಕೊಳ್ಳಿರಿ. ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ಮೂರು ದಿನ ಕಾಣದಿದ್ದರೆ ಅವಳ ಮನೆಗೆ ಹೋಗಿ ಬನ್ನಿರಿ. ಬಾಲ್ಯವಿವಾಹದ ಸಿದ್ಧತೆ ಮೊದಲು ತಿಳಿಯುವುದು ಪೊಲೀಸರಿಗಲ್ಲ, ಬೆಂಚಿನ ಗೆಳತಿಗೆ. ಆಕೆ ಶಿಕ್ಷಕಿಯ ಕಿವಿಗೆ ಹಾಕಿದ ಒಂದು ಮಾತು ಒಂದು ಜೀವನವನ್ನು ಉಳಿಸಬಲ್ಲುದು.

7

ಒಂದು ಕಾಲದಲ್ಲಿ ಅರವತ್ತು ಹೆಣ್ಣುಮಕ್ಕಳು ಮಾತ್ರ ಓದುತ್ತಿದ್ದ ಈ ಸೀಮೆಯಲ್ಲಿ ಇಂದು ಹೆಣ್ಣುಮಕ್ಕಳ ಹೆಸರಿಲ್ಲದ ಹಾಜರಿ ಪುಸ್ತಕ ಯಾವ ಊರಿನಲ್ಲಿಯೂ ದೊರೆಯಲಾರದು. ಹೆಸರು ಬರೆಯಿಸುವ ಕೆಲಸವನ್ನು ಹಿಂದಿನ ತಲೆಮಾರುಗಳು ಬಹುಮಟ್ಟಿಗೆ ಸಾಧಿಸಿದವು. ಹೆಸರು ಕೂಗಿದಾಗ ಉತ್ತರ ಬರುವಂತೆ ಮಾಡುವ ಕೆಲಸ ನಮ್ಮ ಪಾಲಿನದು. ಆದುದರಿಂದ ಈ ಸಭೆಯ ಮುಂದೆ ಮೂರು ಸೂಚನೆಗಳನ್ನಿಟ್ಟು ನನ್ನ ಉಪನ್ಯಾಸವನ್ನು ಮುಗಿಸುತ್ತೇನೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ತಾಲ್ಲೂಕುಗಳ ಪ್ರತಿಯೊಂದು ಶಾಲೆಯೂ ದಸರೆಯ ಅನಂತರದ ಮೊದಲ ವಾರದಲ್ಲಿ ಗುಳೆ ಹೋಗುವ ಮಕ್ಕಳ ವಿಷಯಕ್ಕಾಗಿಯೇ ಪೋಷಕರ ಸಭೆ ನಡೆಸಲಿ. ಪ್ರತಿಯೊಂದು ಗ್ರಾಮ ಪಂಚಾಯಿತಿಯೂ ತಿಂಗಳಿಗೊಮ್ಮೆ ತನ್ನ ಊರಿನ ಶಾಲೆಯ ಹಾಜರಿಯನ್ನು, ಮಕ್ಕಳದನ್ನೂ ಶಿಕ್ಷಕರದನ್ನೂ, ಸಭೆಯಲ್ಲಿ ಓದಿಸಿ ಕೇಳಲಿ. ಈ ದತ್ತಿಯಂತಹ ನಿಧಿಗಳನ್ನು ಸ್ಥಾಪಿಸುವ ಉದಾರಿಗಳು ಉಪನ್ಯಾಸಕ್ಕೆ ಕೊಟ್ಟ ಹಣದಲ್ಲಿ ಒಂದು ಪಾಲನ್ನು, ಕೊಯ್ಲಿನ ತಿಂಗಳುಗಳಲ್ಲಿ ಊರಿನಲ್ಲಿ ಉಳಿದ ಮಕ್ಕಳ ರಾತ್ರಿಯ ಊಟಕ್ಕೂ ದೀಪಕ್ಕೂ ಮೀಸಲಿಡಲಿ. ಇವುಗಳಲ್ಲಿ ಯಾವುದಕ್ಕೂ ಹೊಸ ಕಾನೂನು ಬೇಕಾಗಿಲ್ಲ. ಇರುವ ಕಾನೂನನ್ನು ನಮ್ಮದೆಂದು ಭಾವಿಸುವ ಮನಸ್ಸು ಬೇಕು. ಮಕ್ಕಳ ಎದುರಿಗೆ ದೊಡ್ಡವರು ಮೊದಲು ಹಾಜರಾಗಲಿ ಎಂದು ಪ್ರಾರ್ಥಿಸುತ್ತೇನೆ.